ಕನ್ನಡಕ್ಕೆ ಜಾಗ ಬಿಡಿ: ಎಲ್ಲರೂ ಓದಬಲ್ಲ ಅಕ್ಷರ ಆರಿಸುವ, ರೂಪಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಮನೆಗೆ ಬಂದರೆ ಅದನ್ನು ಮೊದಲು ಕೈಗೆತ್ತಿಕೊಳ್ಳುವುದು ಹಿರಿಯರು. ನನ್ನ ಅಮ್ಮನೂ ಹಾಗೆಯೇ. ಪತ್ರಿಕೆಯನ್ನು ಟ್ಯೂಬ್‌ಲೈಟಿನ ಕೆಳಗೆ ಒಯ್ದು, ಕೈ ಉದ್ದ ಚಾಚಿ, ತಲೆ ಸ್ವಲ್ಪ ಹಿಂದೆ ಸರಿಸಿ ಓದುತ್ತಾರೆ. ಹೋದ ವರ್ಷ ಹಾಗೆ ಓದಿ, ಮುಹೂರ್ತ ೯.೪೫ಕ್ಕೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟರು. ದೇವಸ್ಥಾನಕ್ಕೆ ಹೋದಾಗ ಕಲಶಾಭಿಷೇಕ ಮುಗಿದು ಜನ ಫಲಾಹಾರದ ಸಾಲಿನಲ್ಲಿದ್ದರು. ಪತ್ರಿಕೆಯಲ್ಲಿ ಇದ್ದದ್ದು ೬.೪೫. ಆ ಪತ್ರಿಕೆ ಮಾಡಿದ್ದು ನಾನೇ. ಉಡುಪಿಯಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸ ಮಾಡುತ್ತ ಇಷ್ಟು ವರ್ಷವಾದ ಮೇಲೂ ೬ ಮತ್ತು ೯ ಒಂದೇ ತರ ಕಾಣುವ ಫಾಂಟನ್ನು, ಅದೂ ಒಂಬತ್ತು ಪಾಯಿಂಟಿನ ಸಣ್ಣ ಗಾತ್ರಕ್ಕೆ ಇಳಿಸಿ ಕೂರಿಸಿದ್ದೆ. ಆ ದಿನದಿಂದ ನನ್ನ ಕೆಲಸದ ಕ್ರಮವನ್ನೇ ಬದಲಿಸಿದೆ. ಬದಲಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆಯ ನೋಟೀಸು ಮಾಡುವವರಿಗೆ, ಕ್ಲಿನಿಕ್ಕಿನ ಚೀಟಿ ಮಾಡುವವರಿಗೆ, ಫ್ಲೆಕ್ಸ್ ಅಂಗಡಿಯವರಿಗೆ, ಜಾಲತಾಣ ಕಟ್ಟುವವರಿಗೆ, ಹೊಸ ಫಾಂಟ್ ಬಿಡಿಸಲು ಹೊರಟವರಿಗೆ ಎಲ್ಲರಿಗೂ ಇದರಲ್ಲಿ ಏನಾದರೂ ಸಿಗುತ್ತದೆ.

ಮೊದಲು ಅಕ್ಷರವನ್ನು ನೋಡಿ

ಓದಲು ಸುಲಭವಾದ ಫಾಂಟ್ ಯಾವುದು ಎಂದು ಹುಡುಕಿದರೆ ಸಿಗುವ ಸಲಹೆಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೇಳಿದವು. ಅಮೆರಿಕದ ಬ್ರೈಲ್ ಇನ್‌ಸ್ಟಿಟ್ಯೂಟ್ ಮಂದದೃಷ್ಟಿಯವರಿಗಾಗಿ ಮಾಡಿಸಿದ ಅಟ್ಕಿನ್‌ಸನ್ ಹೈಪರ್‌ಲೆಜಿಬಲ್ ಒಳ್ಳೆಯ ಫಾಂಟ್, ಉಚಿತವೂ ಹೌದು. ಆದರೆ ಅದರಲ್ಲಿ ಕನ್ನಡ ಅಕ್ಷರಗಳಿಲ್ಲ. ಅದರ ಹಿಂದಿನ ಒಂದು ವಿಚಾರವನ್ನು ಮಾತ್ರ ನಾವು ತೆಗೆದುಕೊಳ್ಳಬಹುದು: ಒಂದಕ್ಕೊಂದು ಹೋಲುವ ಅಕ್ಷರಗಳನ್ನು ಬೇಕೆಂದೇ ಬೇರೆ ಬೇರೆಯಾಗಿ ಕಾಣಿಸುವುದು.

ಕನ್ನಡದಲ್ಲಿ ಅರ್ಥ ಮೂರು ಅಂತಸ್ತಿನಲ್ಲಿ ಕೂತಿರುತ್ತದೆ. ಮೇಲಿನ ಅಂತಸ್ತಿನಲ್ಲಿ ತಲಕಟ್ಟು, ಗುಡಿಸು, ಏತ್ವ. ನ, ನಿ, ನೆ ಈ ಮೂರಕ್ಕೂ ಕೆಳಗಿನ ಮೈ ಒಂದೇ, ತಲೆ ಮಾತ್ರ ಬೇರೆ. ನಡುವಿನ ಅಂತಸ್ತು ಅಕ್ಷರದ ಹೊಟ್ಟೆ. ರ ಮತ್ತು ಠ ನಡುವೆ ಒಂದು ಚುಕ್ಕಿ, ಪ ಮತ್ತು ಷ ನಡುವೆ ಒಂದು ಗೀರು. ಒಂದನೇ ಕ್ಲಾಸಿನಲ್ಲಿ ಟೀಚರು ‘ಹೊಟ್ಟೆ ಸೀಳಿದ ಷ’ ಎಂದು ಹೇಳಿಕೊಟ್ಟದ್ದು ಇದನ್ನೇ. ಡ-ಢ, ಚ-ಛ, ದ-ಧ, ಪ-ಫ ಜೋಡಿಗಳಲ್ಲಿ ಮಹಾಪ್ರಾಣವನ್ನು ಹೇಳುವುದು ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಸೀಳು. ಕೆಳಗಿನ ಅಂತಸ್ತಿನಲ್ಲಿ ಒತ್ತಕ್ಷರ. ಇವು ಸಾಲದು ಎಂಬಂತೆ ಬಲಬದಿಯ ಜಗಲಿಯಲ್ಲಿ ಕೊಂಬು, ದೀರ್ಘ, ಅರ್ಕಾವೊತ್ತು ಬಂದು ಕೂರುತ್ತವೆ.

‘ಅನ್ನಸಂತರ್ಪಣೆ’ ಎಂಬ ಒಂದೇ ಶಬ್ದವನ್ನು ಎದುರಿಗಿಟ್ಟುಕೊಂಡು ನೋಡಿ. ನಮ್ಮೂರಿನ ಯಾವ ಪತ್ರಿಕೆಯೂ ಇದಿಲ್ಲದೆ ಮುಗಿಯುವುದಿಲ್ಲ. ನಕಾರದ ಕೆಳಗೆ ನಕಾರದ ಒತ್ತು, ಸಕಾರದ ಪಕ್ಕ ಸೊನ್ನೆ, ಪಕಾರದ ಬಲಕ್ಕೆ ಅರ್ಕಾವೊತ್ತು, ಕೊನೆಗೆ ಣಕಾರದ ತಲೆಯ ಮೇಲೆ ಏತ್ವ. ಅಕ್ಷರ ಸಣ್ಣದಾಗುತ್ತ ಹೋದಂತೆ ಮೊದಲು ಮಾಯವಾಗುವುದು ನಕಾರದ ಒತ್ತು, ಆಮೇಲೆ ಅರ್ಕಾವೊತ್ತು. ಹೊಟ್ಟೆಗಳು ಕೊನೆಯವರೆಗೂ ಕಾಣುತ್ತವೆ. ಅಂದರೆ ಕನ್ನಡದಲ್ಲಿ ಓದು ತಪ್ಪುವುದು ದೊಡ್ಡ ಭಾಗಗಳಿಂದ ಅಲ್ಲ, ಅಂಚಿನಲ್ಲಿ ಕೂತ ಸಣ್ಣ ಭಾಗಗಳಿಂದ. ನಾನು ಮುಂದೆ ಹೇಳುವುದೆಲ್ಲ ಈ ಸಣ್ಣ ಭಾಗಗಳಿಗೆ ಜಾಗ ಮಾಡಿಕೊಡುವ ಬಗೆ.

ಹೆಜ್ಜೆ 1: ಯಾರು, ಎಲ್ಲಿ, ಎಷ್ಟು ದೂರದಿಂದ ಓದುತ್ತಾರೆ?

ಫಾಂಟ್ ಪಟ್ಟಿ ತೆರೆಯುವ ಮೊದಲು ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆಯಿರಿ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತು ಬರುವ ಬಸ್ಸಿನ ಹಣೆಬರಹ ಓದುವವರಿಗೆ ಸಿಗುವುದು ಎರಡು ಮೂರು ಸೆಕೆಂಡು. ಅವರ ಎದುರು ಬಸ್ಸು ಅಲುಗಾಡುತ್ತಿದೆ, ಗಾಜಿನ ಮೇಲೆ ಬಿಸಿಲು ಹೊಳೆಯುತ್ತಿದೆ ಅಥವಾ ಜಡಿಮಳೆ ಸುರಿಯುತ್ತಿದೆ. ಕ್ಲಿನಿಕ್ಕಿನ ಚೀಟಿಯನ್ನು ಓದುವವರು ರಾತ್ರಿ ಹೊತ್ತು, ಕಡಿಮೆ ಬೆಳಕಿನಲ್ಲಿ, ಬಹುಶಃ ಕನ್ನಡಕ ಇಲ್ಲದೆ ಓದುತ್ತಾರೆ. ಕಣ್ಣಿನ ಪೊರೆ ಇರುವವರಿಗೆ ಹೊಳೆಯುವ ಆರ್ಟ್ ಪೇಪರಿನಿಂದ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಅವರಿಗಾಗಿ ಮಾಡುವ ಯಾವುದೇ ಕಾಗದ ಹೊಳಪಿಲ್ಲದ ಮ್ಯಾಟ್ ಅಥವಾ ಮ್ಯಾಪ್‌ಲಿಥೊ ಆಗಿರಲಿ. ದುಬಾರಿ ಕಾಗದವೇ ಚೆಂದ ಎಂದು ಗಿರಾಕಿ ಹಟ ಹಿಡಿದರೆ ಎರಡೂ ಕಾಗದದ ಮೇಲೆ ಪ್ರಿಂಟ್ ತೆಗೆದು ಲೈಟಿನ ಕೆಳಗೆ ಹಿಡಿದು ತೋರಿಸಿ. ವಾದವೇ ಬೇಕಾಗುವುದಿಲ್ಲ.

ಬೋರ್ಡಿನ ಲೆಕ್ಕ ಸುಲಭ. ಸುಮಾರು ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಬೇಕು. ಮೂವತ್ತು ಅಡಿಗೆ ಮೂರು ಇಂಚು. ಇದು ಇಂಗ್ಲಿಷ್ ಬೋರ್ಡಿನವರ ಲೆಕ್ಕವಾದ್ದರಿಂದ ಕನ್ನಡದಲ್ಲಿ ಆ ಎತ್ತರವನ್ನು ಒತ್ತಕ್ಷರ ಬಿಟ್ಟು, ನಡುವಿನ ಮೈಗೆ ಮಾತ್ರ ಹಿಡಿಯಿರಿ. ಒತ್ತಿಗೆ ಅದರ ಕೆಳಗೆ ಬೇರೆ ಜಾಗ.

ಹೆಜ್ಜೆ 2: ಯೂನಿಕೋಡ್ ಅಲ್ಲದ ಫಾಂಟನ್ನು ಬದಿಗಿಡಿ

ಇದು ಚೆಂದದ ಪ್ರಶ್ನೆಯಲ್ಲ, ಕೆಲವರಿಗೆ ಓದಲು ಆಗುತ್ತದೋ ಇಲ್ಲವೋ ಎಂಬ ಪ್ರಶ್ನೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಒಳಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಕಣ್ಣು ಕಾಣದವರು ಬರಹವನ್ನು ಓದಿ ಹೇಳುವ ತಂತ್ರಾಂಶಗಳಾದ ಎನ್‌ವಿಡಿಎ ಅಥವಾ ಮೊಬೈಲಿನ ಟಾಕ್‌ಬ್ಯಾಕ್ ಹಾಕಿ ಅದನ್ನು ಓದಿಸಿದರೆ ಅರ್ಥವಿಲ್ಲದ ಶಬ್ದಗಳು ಕೇಳುತ್ತವೆ. ಅಕ್ಷರ ದೊಡ್ಡದು ಮಾಡಿ ಓದಬೇಕೆಂದು ಆ ಬರಹವನ್ನು ಬೇರೆ ಕಡೆಗೆ ನಕಲು ಮಾಡಿಕೊಂಡರೂ ಅಷ್ಟೇ. ಯೂನಿಕೋಡ್ ಎಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಪದ್ಧತಿ, ಅದರಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನಗಳಿವೆ. ಯಾವ ಫಾಂಟ್ ಹಾಕಿದರೂ ‘ಕ’ ಎಂಬುದು ‘ಕ’ ಆಗಿಯೇ ಉಳಿಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾಹಿತಿ ಎಲ್ಲರಿಗೂ ಎಟುಕಬೇಕೆಂದು ಹೇಳುತ್ತದೆ. ಪಂಚಾಯತ್ ಕಚೇರಿಯ ನೋಟೀಸು ಮಾಡುವವರು ಇಷ್ಟಾದರೂ ಪಾಲಿಸಬೇಕು.

ಟೈಪ್ ಮಾಡುವ ಕ್ರಮ ಬದಲಿಸಬೇಕಾಗಿಲ್ಲ. ಪಕ್ಕದ ದಕ್ಷಿಣ ಕನ್ನಡ ಜಿಲ್ಲೆಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ, ಉಚ್ಚಾರವನ್ನು ಅನುಸರಿಸುವ ಕೀಲಿಮಣೆಯೇ ಇವತ್ತಿಗೂ ನಮ್ಮ ಬೆರಳಿನ ಅಭ್ಯಾಸ. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಗೌರವಕ್ಕೆ. ಅದೇ ಕೀಲಿಮಣೆ ಯೂನಿಕೋಡಿಗೂ ಸಿಗುತ್ತದೆ.

ಟೈಪಿಂಗಿನ ಒಂದು ತಪ್ಪನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಅಂಕಿಯ ಸೊನ್ನೆ ೦ ಮತ್ತು ಅಕ್ಷರದ ಸೊನ್ನೆ ಂ ಕಣ್ಣಿಗೆ ಒಂದೇ. ‘ಮಂಗಳೂರು’ ಎಂದು ಬರೆಯುವಾಗ ಮಕಾರದ ಪಕ್ಕ ಅಂಕಿಯ ಸೊನ್ನೆ ಹಾಕಿದರೆ ಕಾಗದದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಓದುವ ತಂತ್ರಾಂಶ ನಡುವೆ ‘ಸೊನ್ನೆ’ ಎಂದು ಉಚ್ಚರಿಸಿ ಶಬ್ದವನ್ನು ತುಂಡು ಮಾಡುತ್ತದೆ, ಹುಡುಕಿದರೂ ಆ ಶಬ್ದ ಸಿಗುವುದಿಲ್ಲ. ಕೆ. ಪಿ. ರಾವ್ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು ಎಮ್ ಒತ್ತಿದರೆ ಬರುವುದೇ ಅಕ್ಷರದ ಸೊನ್ನೆ. ಹಳೆಯ ಕಡತಗಳಲ್ಲಿ ಅಂಕಿಯ ಸೊನ್ನೆ ಹುಡುಕಿ ಒಂದೊಂದಾಗಿ ನೋಡಿ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಇಸವಿಗಳು ಕೆಡುತ್ತವೆ.

ಹೆಜ್ಜೆ 3: ಪರೀಕ್ಷೆಯ ಸಾಲುಗಳನ್ನು ಇಟ್ಟುಕೊಳ್ಳಿ

ಫಾಂಟನ್ನು ಅದರ ಹೆಸರು ಬರೆದು ನೋಡಿ ಆರಿಸಬೇಡಿ. ಮಾದರಿಗೆ ಹಾಕಿದ ಶಬ್ದಗಳು ಯಾವಾಗಲೂ ಸುಲಭದವು. ನನ್ನ ಮೇಜಿನ ಮೇಲೆ ಒಂದು ಕಾಗದವಿದೆ, ಹೊಸ ಫಾಂಟ್ ಬಂದಾಗಲೆಲ್ಲ ಅದರಲ್ಲಿರುವುದನ್ನೇ ಹಾಕಿ ನೋಡುತ್ತೇನೆ.

ಹೋಲುವ ಅಕ್ಷರಗಳಿಗೆ: ರಠ ಪಷಫ ದಧಥ ಬಭ ಡಢ ಚಛ ವಮ ನಸ ಎಏಐ ಒಓಔ.
ಒತ್ತಕ್ಷರಕ್ಕೆ: ಸ್ತ್ರೀ, ರಾಷ್ಟ್ರೀಯ, ಸ್ವಾತಂತ್ರ್ಯ, ಶಾಸ್ತ್ರಜ್ಞ, ಲಕ್ಷ್ಮೀಂದ್ರ, ಅನ್ನಸಂತರ್ಪಣೆ.
ಕೊಂಬಿಗೆ: ವು ಮ ಪು ಮು ಯು, ಕೃ ಹೃ.
ಅರ್ಧಾಕ್ಷರಕ್ಕೆ ಮತ್ತು ಪರಭಾಷೆಯ ಹೆಸರಿಗೆ: ಪಂಪ್‌ವೆಲ್, ಸುರತ್ಕಲ್, ಬ್ಯಾಂಕ್, ರ‍್ಯಾಂಕ್.
ಅಂಕಿಗೆ: ೦೧೨೩೪೫೬೭೮೯ ಮತ್ತು 0123456789.

‘ಪಂಪ್‌ವೆಲ್’ನಲ್ಲಿ (ಮಂಗಳೂರಿನ ಒಂದು ವೃತ್ತದ ಹೆಸರು) ಪಕಾರದ ಕೆಳಗೆ ವಕಾರದ ಒತ್ತು ಬಂದುಬಿಟ್ಟರೆ ಬೋರ್ಡು ನೋಡಿದವರು ತಡವರಿಸುತ್ತಾರೆ. ಅದನ್ನು ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಚಿಹ್ನೆ ಹಾಕಬೇಕು, ಝಡ್‌ಡಬ್ಲ್ಯುಎನ್‌ಜೆ ಎಂದು ಕರೆಯುವುದು ಅದನ್ನೇ. ಕೆಲವು ಫಾಂಟುಗಳು ಆ ಚಿಹ್ನೆಯ ಜಾಗದಲ್ಲಿ ಖಾಲಿ ಚೌಕ ತೋರಿಸುತ್ತವೆ. ಅಂಥದನ್ನು ಅಲ್ಲಿಗೇ ಬಿಡಿ. ‘ರ‍್ಯಾಂಕ್’ ಎಂದು ಬರೆದರೆ ರಕಾರ ಪೂರ್ತಿ ನಿಂತು ಯಕಾರದ ಒತ್ತು ಕೆಳಗೆ ಬರಬೇಕು, ಅರ್ಕಾವೊತ್ತಾಗಿ ತಿರುಗಬಾರದು.

ಈ ಕಾಗದವನ್ನು ಪ್ರಿಂಟ್ ತೆಗೆದು ಎದುರಿನ ಗೋಡೆಗೆ ಅಂಟಿಸಿ, ಕಣ್ಣು ಅರ್ಧ ಮುಚ್ಚಿ ನೋಡಿ. ಆಮೇಲೆ ಝೆರಾಕ್ಸ್ ಮಾಡಿಸಿ, ಆ ಪ್ರತಿಯನ್ನು ಮತ್ತೆ ಝೆರಾಕ್ಸ್ ಮಾಡಿಸಿ. ಎರಡನೇ ಪ್ರತಿಯಲ್ಲೂ ಠಕಾರದ ಚುಕ್ಕಿ, ಷಕಾರದ ಗೀರು ಉಳಿದಿದ್ದರೆ ಆ ಫಾಂಟ್ ನಂಬಬಹುದಾದದ್ದು. ಶಾಲೆಗಳಲ್ಲಿ, ಕಚೇರಿಗಳಲ್ಲಿ ಜನರ ಕೈಗೆ ಸೇರುವುದು ಹೆಚ್ಚಾಗಿ ಅಂಥ ಪ್ರತಿಯೇ.

ಹೆಜ್ಜೆ 4: ಆರಿಸಿಕೊಳ್ಳಿ

ಉಚಿತವಾಗಿ ಸಿಗುವವುಗಳಲ್ಲಿ ನಾನು ಹೆಚ್ಚು ಬಳಸುವುದು ನೋಟೋ ಸಾನ್ಸ್ ಕನ್ನಡ. ಗೆರೆ ಸಮ ದಪ್ಪ, ಹೊಟ್ಟೆಗಳು ತೆರೆದಿವೆ, ತೆಳುವಿನಿಂದ ದಪ್ಪದವರೆಗೆ ಎಲ್ಲ ತೂಕವೂ ಇದೆ. ಉದ್ದ ಬರಹಕ್ಕೆ, ಪುಸ್ತಕಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ಟೈರೋ ಕನ್ನಡ. ಅನೇಕ್ ಕನ್ನಡ ಬೋರ್ಡಿಗೆ ಒಳ್ಳೆಯದು. ತೂಕ ಮಾತ್ರವಲ್ಲ, ಅಗಲವನ್ನೂ ಹಿಗ್ಗಿಸಿ ಕುಗ್ಗಿಸಲು ಬರುತ್ತದೆ. ಹಾಗೆಂದು ಜಾಗ ಸಾಲದೆಂದು ಕುಗ್ಗಿಸುತ್ತ ಹೋಗಬೇಡಿ, ಕುಗ್ಗಿದಾಗ ಮೊದಲು ಮುಚ್ಚಿಕೊಳ್ಳುವುದು ಷಕಾರದ ಹೊಟ್ಟೆ. ಬಾಲೂ ತಮ್ಮ ದುಂಡಗೆ, ಮುದ್ದಾಗಿ ಕಾಣುತ್ತದೆ. ಮಕ್ಕಳ ತಲೆಬರಹಕ್ಕೆ ಸರಿ, ಪುಟದ ತುಂಬ ಹಾಕಿದರೆ ಕಣ್ಣು ಸೋಲುತ್ತದೆ. ವಿಂಡೋಸಿನಲ್ಲೇ ಇರುವ ನಿರ್ಮಲಾ ಯುಐ ಪರದೆಗೆ ಸಾಕಷ್ಟು ಒಳ್ಳೆಯದು, ಹಳೆಯ ತುಂಗಾ ಸಣ್ಣ ಗಾತ್ರದಲ್ಲಿ ತೀರ ತೆಳುವಾಗುತ್ತದೆ.

ಯಕ್ಷಗಾನದ ಪೋಸ್ಟರಿಗೆ ಬಳಸುವ ಬಳುಕಿನ ಅಕ್ಷರಗಳ ಬಗ್ಗೆ ನನಗೆ ಪ್ರೀತಿ ಇದೆ. ಪ್ರಸಂಗದ ಹೆಸರನ್ನು ಹಾಗೆಯೇ ಬಿಡಿಸಿ, ಅದು ಮೇಳದ ಕಳೆ. ಆದರೆ ದಿನ, ಹೊತ್ತು, ಜಾಗ ಈ ಮೂರನ್ನು ಸಾದಾ ಫಾಂಟಿನಲ್ಲಿ ಹಾಕಿ. ಆಟ ನೋಡಲು ಬರಬೇಕಾದವರಿಗೆ ಅವು ಮೂರು ತಪ್ಪಬಾರದು.

ಹೆಜ್ಜೆ 5: ಪಾಯಿಂಟಲ್ಲಿ ಅಲ್ಲ, ಸ್ಕೇಲಿನಲ್ಲಿ ಅಳೆಯಿರಿ

‘12 ಪಾಯಿಂಟ್ ಹಾಕಿದ್ದೇನೆ’ ಎಂಬ ಮಾತಿಗೆ ಕನ್ನಡದಲ್ಲಿ ಅರ್ಥ ಕಡಿಮೆ. ಪಾಯಿಂಟ್ ಎಂದರೆ ಇಂಚಿನ 72ರಲ್ಲಿ ಒಂದು ಭಾಗ, ಆದರೆ ಅದು ಅಕ್ಷರ ಕೂರುವ ಪೆಟ್ಟಿಗೆಯ ಅಳತೆ, ಅಕ್ಷರದ್ದಲ್ಲ. ಒಂದು ಫಾಂಟ್ ಆ ಪೆಟ್ಟಿಗೆಯಲ್ಲಿ ಒತ್ತಕ್ಷರಕ್ಕೆಂದು ಹೆಚ್ಚು ಜಾಗ ಬಿಟ್ಟಿರುತ್ತದೆ, ಅದರ ಮೈ ಸಣ್ಣದಾಗಿರುತ್ತದೆ. ಇನ್ನೊಂದರಲ್ಲಿ ಮೈ ದೊಡ್ಡದು. ಹಾಗಾಗಿ ಒಂದು ಸಾಲು ಪ್ರಿಂಟ್ ತೆಗೆದು, ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಲ್ಲಿ ‘ರ’ ಅಕ್ಷರದ ಎತ್ತರವನ್ನು ಬುಡದಿಂದ ತಲಕಟ್ಟಿನವರೆಗೆ ಅಳೆಯಿರಿ. ಸಾಮಾನ್ಯ ಓದಿಗೆ ಎರಡೂವರೆ ಮಿಲಿಮೀಟರಿಗಿಂತ ಕೆಳಗೆ ನಾನು ಇಳಿಯುವುದಿಲ್ಲ. ಹಿರಿಯರೇ ಓದುವಂಥದ್ದಾದರೆ ಮೂರೂವರೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರದ ಪುಸ್ತಕಗಳನ್ನು 16ರಿಂದ 18 ಪಾಯಿಂಟಿನಲ್ಲಿ ಅಚ್ಚು ಹಾಕುತ್ತಾರೆ. ಕನ್ನಡದಲ್ಲೂ ಅಲ್ಲಿಂದಲೇ ಶುರು ಮಾಡಿ, ಕಡಿಮೆ ಮಾಡಬೇಡಿ.

ಪಕ್ಕದಲ್ಲಿ ಇಂಗ್ಲಿಷ್ ಇದ್ದರೆ ಎರಡನ್ನೂ ಕಣ್ಣಳತೆಯಲ್ಲಿ ಸಮ ಮಾಡಿ. ಒಂದೇ ಪಾಯಿಂಟ್ ಕೊಟ್ಟು ಬಿಟ್ಟರೆ ಬಹಳ ಸಲ ಇಂಗ್ಲಿಷ್ ಎದ್ದು ಕಾಣುತ್ತದೆ, ಕನ್ನಡ ಅದರ ನೆರಳಿನ ಹಾಗೆ ಉಳಿಯುತ್ತದೆ.

ಹೆಜ್ಜೆ 6: ಸಾಲುಗಳ ನಡುವೆ ಉಸಿರು

ಎಲ್ಲ ಹೆಜ್ಜೆಗಳಲ್ಲಿ ಒಂದನ್ನು ಮಾತ್ರ ಪಾಲಿಸುತ್ತೇನೆ ಎಂದು ಯಾರಾದರೂ ಹೇಳಿದರೆ ನಾನು ಕೊಡುವುದು ಇದನ್ನೇ.

1843ರ ಜುಲೈ 1ರಂದು ಜರ್ಮನ್ ಮಿಶನರಿ ಹರ್ಮನ್ ಮೊಗ್ಲಿಂಗ್ ಅವರು ಕನ್ನಡದ ಮೊದಲ ಸುದ್ದಿಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಅಚ್ಚಾಯಿತು. ಕಲ್ಲಚ್ಚಿಗೆ ಕೈಯಲ್ಲಿ ಬರೆಯಬೇಕು. ಕೈಯಲ್ಲಿ ಬರೆಯುವವನಿಗೆ ಒತ್ತಕ್ಷರ ಬಂದ ಕಡೆ ಕೆಳಗಿನ ಸಾಲನ್ನು ತಪ್ಪಿಸಿ ಬರೆಯಲು ಬರುತ್ತದೆ. ಅಚ್ಚಿನ ಮೊಳೆ ಜೋಡಿಸುವ ಕಾಲ ಬಂದಾಗ ಒತ್ತನ್ನು ಬೇರೆ ಮೊಳೆಯಾಗಿ ಕೆಳಗೆ ಕೂರಿಸಬೇಕಾಯಿತು, ಅದಕ್ಕಾಗಿಯೇ ಸಾಲಿನ ನಡುವೆ ಜಾಗ ಬಿಡಲೇಬೇಕಾಯಿತು. ಬಲ್ಮಠದ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಷ್ಟು ಕ್ಲಿಷ್ಟ ಕೆಲಸವನ್ನು ಹಾಗೆ ಕೈಯಿಂದ ಜೋಡಿಸಿಯೇ ಮಾಡಿದರು. ಈಗ ಕಂಪ್ಯೂಟರಿನಲ್ಲಿ ಆ ಕಟ್ಟುಪಾಡು ಇಲ್ಲ. ಸಾಲಿನ ಅಂತರ ಹೇಳುವ ಲೀಡಿಂಗ್ ಎಂಬ ಜಾಗದಲ್ಲಿ ಸಂಖ್ಯೆ ಕಡಿಮೆ ಮಾಡಿದರೆ ಸಾಲುಗಳು ಒಂದರ ಮೇಲೊಂದು ಬಂದು ಕೂರುತ್ತವೆ, ಯಾರೂ ತಡೆಯುವುದಿಲ್ಲ.

ಇಂಗ್ಲಿಷಿಗೆ ಅಕ್ಷರದ ಗಾತ್ರದ 1.2 ಪಟ್ಟು ಸಾಲಿನ ಅಂತರ ಇದ್ದರೆ ನಡೆಯುತ್ತದೆ. ಕನ್ನಡಕ್ಕೆ ಕನಿಷ್ಠ 1.5 ಪಟ್ಟು ಇಡಿ, ಹಿರಿಯರಿಗೆ ಮತ್ತು ಈಗಷ್ಟೇ ಓದಲು ಕಲಿಯುವ ಮಕ್ಕಳಿಗೆ 1.7. ಸಂಖ್ಯೆಯನ್ನು ನಂಬಿ ಬಿಡಬೇಡಿ, ಕಣ್ಣಾರೆ ನೋಡಿ: ಮೇಲಿನ ಸಾಲಿನಲ್ಲಿ ‘ರಾಷ್ಟ್ರೀಯ’ ಬರಲಿ, ಅದರ ನೇರ ಕೆಳಗೆ ‘ಕೀರ್ತಿ’ ಬರಲಿ. ಷಕಾರದ ಕೆಳಗಿನ ಒತ್ತಿನ ತುದಿಗೂ ಕೆಳಗಿನ ಗುಡಿಸಿನ ನೆತ್ತಿಗೂ ನಡುವೆ ಒಂದು ಬಿಳಿ ಪಟ್ಟಿ ಸ್ಪಷ್ಟವಾಗಿ ಕಾಣಬೇಕು. ಆ ಪಟ್ಟಿ ಒಂದು ಕಡೆ ಮುಚ್ಚಿದರೂ ಓದುವವರ ಕಣ್ಣು ಕೆಳಗಿನ ಸಾಲಿಗೆ ಜಾರುತ್ತದೆ.

ಅಂಗಡಿಯಲ್ಲಿ ಇದಕ್ಕೆ ಎದುರಾಗುವ ದೊಡ್ಡ ಕಷ್ಟ ಸಮಿತಿಯ ಹೆಸರುಗಳು. “ಎಲ್ಲರ ಹೆಸರೂ ಬರಬೇಕು ಮಾರಾಯ್ರೆ, ಒಂದು ಬಿಟ್ಟರೂ ಊರಲ್ಲಿ ಮಾತಾಗ್ತದೆ” ಎಂದು ಹೇಳುತ್ತಾರೆ. ಅವರ ಮಾತಲ್ಲೂ ನ್ಯಾಯ ಉಂಟು, ಶ್ರಮದಾನ ಮಾಡಿದವರ ಹೆಸರು ಬರಬೇಕಾದದ್ದೇ. ನಾನು ಈಗ ಪತ್ರಿಕೆಯನ್ನೇ ಎರಡು ಮಾಡುತ್ತೇನೆ. ಒಂದು ಹಾಳೆಯಲ್ಲಿ ಕಾರ್ಯಕ್ರಮ ಮಾತ್ರ, ದೊಡ್ಡ ಅಕ್ಷರದಲ್ಲಿ, ದೇವರ ಕೋಣೆಯ ಬಾಗಿಲಿಗೆ ಅಂಟಿಸಿಡುವ ಹಾಗೆ. ಹೆಸರುಗಳಿಗೆ ಬೇರೆಯೇ ಮಡಿಕೆ. ಖರ್ಚು ತುಸು ಹೆಚ್ಚು. ಒಮ್ಮೆ ಹಾಗೆ ಮಾಡಿಸಿದವರು ಮತ್ತೆ ಹಳೆಯ ರೀತಿ ಕೇಳಿದ್ದು ನನಗೆ ನೆನಪಿಲ್ಲ.

ಹೆಜ್ಜೆ 7: ದಪ್ಪ, ಓರೆ, ಎಳೆದಾಟ

ಫಾಂಟಿನಲ್ಲಿ ದಪ್ಪ ತೂಕ ಇಲ್ಲದಿದ್ದರೂ ಬೋಲ್ಡ್ ಗುಂಡಿ ಒತ್ತಿದರೆ ತಂತ್ರಾಂಶ ಅಕ್ಷರದ ಸುತ್ತ ಗೆರೆ ದಪ್ಪ ಮಾಡಿ ಕೊಡುತ್ತದೆ. ಆಗ ಠಕಾರದ ಚುಕ್ಕಿ ಹೊಟ್ಟೆಗೆ ಅಂಟುತ್ತದೆ, ಧಕಾರದ ಸೀಳು ಮುಚ್ಚುತ್ತದೆ. ಫ್ಲೆಕ್ಸಿನಲ್ಲಿ ಅಕ್ಷರಕ್ಕೆ ಬಿಳಿ ಔಟ್‌ಲೈನ್, ಅದರ ಹೊರಗೆ ಕಪ್ಪು ಔಟ್‌ಲೈನ್, ಮೇಲೆ ನೆರಳು ಹಾಕಿದಾಗ ಆಗುವುದೂ ಇದೇ. ನಿಜವಾದ ದಪ್ಪ ತೂಕ ಇರುವ ಫಾಂಟನ್ನೇ ಬಳಸಿ, ಅದರಲ್ಲೂ ತೀರ ದಪ್ಪಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿ. ಓರೆ ಅಕ್ಷರದ ಸಂಪ್ರದಾಯ ನಮ್ಮ ಲಿಪಿಗೆ ಇಲ್ಲ. ಒತ್ತಿ ಹೇಳಬೇಕಾದ್ದಕ್ಕೆ ತೂಕ ಹೆಚ್ಚಿಸಿ ಅಥವಾ ಉದ್ಧರಣ ಚಿಹ್ನೆ ಹಾಕಿ.

ಅಕ್ಷರಗಳ ನಡುವಿನ ಅಂತರವನ್ನು ಕಡಿಮೆ ಮಾಡಲೇಬೇಡಿ. ‘ಅಕ್ಕಪಕ್ಕ’ ಎಂಬಲ್ಲಿ ಒತ್ತುಗಳು ಪಕ್ಕದ ಅಕ್ಷರದ ಬುಡಕ್ಕೆ ತಾಗುತ್ತವೆ. ತುಸು ಹೆಚ್ಚು ಮಾಡುವುದರಿಂದ ಕೆಲವರಿಗೆ ಉಪಕಾರವಿದೆ: ಓದಲು ಕಷ್ಟಪಡುವ ಡಿಸ್ಲೆಕ್ಸಿಯಾ ಮಕ್ಕಳು ಅಂತರ ಹೆಚ್ಚಿಸಿದಾಗ ಚೆನ್ನಾಗಿ ಓದಿದರೆಂದು ಇಟಲಿ ಮತ್ತು ಫ್ರಾನ್ಸಿನ ಮಕ್ಕಳ ಜೊತೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂತು. ಕನ್ನಡದಲ್ಲಿ ಹೀಗೆ ಮಾಡುವಾಗ ಅರ್ಕಾವೊತ್ತು ಮತ್ತು ದೀರ್ಘ ತಮ್ಮ ಅಕ್ಷರವನ್ನು ಬಿಟ್ಟು ದೂರ ಸರಿಯದ ಹಾಗೆ ನೋಡಿಕೊಳ್ಳಿ, ಕೆಲವು ತಂತ್ರಾಂಶಗಳಲ್ಲಿ ಸರಿಯುತ್ತದೆ. ಶಬ್ದಗಳ ನಡುವಿನ ಜಾಗ ಹೆಚ್ಚಿಸುವುದು ಇದಕ್ಕಿಂತ ನಿರಪಾಯ.

ಎರಡೂ ಅಂಚು ಸಮ ಮಾಡುವ ಆಸೆ ಬಿಡಿ. ನಮ್ಮ ಶಬ್ದಗಳು ಉದ್ದ. ‘ಜೀರ್ಣೋದ್ಧಾರಗೊಂಡಿರುವ’ ಎಂಬಂಥ ಶಬ್ದ ಕೆಳಗಿನ ಸಾಲಿಗೆ ಹೋದರೆ ಮೇಲಿನ ಸಾಲಿನಲ್ಲಿ ಶಬ್ದಗಳ ನಡುವೆ ಗುಂಡಿ ಬೀಳುತ್ತದೆ. ಎಡಕ್ಕೆ ಸಮ, ಬಲಕ್ಕೆ ಬಿಟ್ಟ ಹಾಗೆ ಇರಲಿ. ಸಾಲಿಗೆ ಏಳೆಂಟು ಶಬ್ದ ಸಾಕು.

ಹೆಜ್ಜೆ 8: ಬಣ್ಣ

ಜಾಲತಾಣಗಳು ಎಲ್ಲರಿಗೂ ಎಟುಕುವಂತೆ ಮಾಡಲು ಡಬ್ಲ್ಯುಸಿಎಜಿ ಎಂಬ ನಿಯಮಾವಳಿ ಇದೆ. ಸಾಮಾನ್ಯ ಅಕ್ಷರಕ್ಕೂ ಅದರ ಹಿನ್ನೆಲೆಗೂ ಬೆಳಕಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಬಿಳಿಯ ಮೇಲೆ ಕಪ್ಪು 21ಕ್ಕೆ 1. ನಮ್ಮ ಉತ್ಸವದ ಫ್ಲೆಕ್ಸುಗಳ ಮೆಚ್ಚಿನ ಜೋಡಿಯಾದ ಹಳದಿಯ ಮೇಲೆ ಅಚ್ಚ ಕೆಂಪು, ಪರದೆಯ ಬಣ್ಣದ ಲೆಕ್ಕದಲ್ಲಿ ಸುಮಾರು 3.7 ಮಾತ್ರ. ಬಿಳಿಯ ಮೇಲೆ ಕೆಂಪು 4. ಅದೇ ಕೆಂಪನ್ನು ಒಣಗಿದ ಕುಂಕುಮದಷ್ಟು ಗಾಢ ಮಾಡಿ ಹಳದಿಯ ಮೇಲೆ ಹಾಕಿದರೆ 10 ದಾಟುತ್ತದೆ. ಮಂಗಳ ಬಣ್ಣವೂ ಉಳಿಯಿತು, ಓದಲೂ ಬಂತು. ಅಕ್ಷರದ ಹಿಂದೆ ದೇವಸ್ಥಾನದ ಗೋಪುರದ ಫೋಟೋ ಹಾಕುವ ಪದ್ಧತಿ ಇದೆಯಲ್ಲ, ಅಲ್ಲಿ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಅಕ್ಷರಕ್ಕೆ ಬೇರೆ ಖಾಲಿ ಪಟ್ಟಿ ಕೊಡಿ.

ಹೆಜ್ಜೆ 9: ಅಂಕಿಗಳು

ಕನ್ನಡ ಅಂಕಿಗಳನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಹೊತ್ತು, ಔಷಧದ ಪ್ರಮಾಣ, ಫೋನ್ ಸಂಖ್ಯೆ, ಬಸ್ಸಿನ ನಂಬರು ಇವಕ್ಕೆ ಮಾತ್ರ 6, 9 ಎಂದೇ ಬರೆಯಿರಿ ಅಥವಾ ಎರಡನ್ನೂ ಕೊಡಿ. ೬ ಮತ್ತು ೯ ಹೋಲುತ್ತವೆ, ೯ ಮತ್ತು ಅರ್ಕಾವೊತ್ತು ಇನ್ನೂ ಹೋಲುತ್ತವೆ. ಹೊತ್ತನ್ನು ಹೇಳುವಾಗ ಅಂಕಿಯ ಜೊತೆ ‘ಬೆಳಿಗ್ಗೆ ಆರೂ ಮುಕ್ಕಾಲಕ್ಕೆ’ ಎಂದು ಶಬ್ದದಲ್ಲೂ ಬರೆದರೆ ತಪ್ಪಾಗುವ ಮಾತೇ ಇಲ್ಲ.

ಹೆಜ್ಜೆ 10: ಪರದೆ ಮತ್ತು ವಾಟ್ಸಾಪ್

ಜಾಲತಾಣದಲ್ಲಿ ಅಕ್ಷರದ ಗಾತ್ರವನ್ನು ಓದುಗರು ಇಮ್ಮಡಿ ಮಾಡಿದರೂ ಏನೂ ಕತ್ತರಿಸಿ ಹೋಗಬಾರದು. ಕನ್ನಡದಲ್ಲಿ ಹೆಚ್ಚಾಗಿ ಕತ್ತರಿಸಿ ಹೋಗುವುದು ಗುಂಡಿಗಳ ಒಳಗಿನ ಒತ್ತಕ್ಷರ, ಏಕೆಂದರೆ ಗುಂಡಿಯ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ನಿಗದಿ ಮಾಡಿರುತ್ತಾರೆ. ‘ಮುಚ್ಚಿ’ ಎಂಬ ಗುಂಡಿಯಲ್ಲಿ ಚಕಾರದ ಒತ್ತು ಅರ್ಧ ಕಾಣದಿರುವುದನ್ನು ನೀವೂ ನೋಡಿರುತ್ತೀರಿ. ಎತ್ತರವನ್ನು ಕಟ್ಟಿಹಾಕಬೇಡಿ, ಬರಹಕ್ಕೆ ತಕ್ಕಂತೆ ಬೆಳೆಯಲು ಬಿಡಿ.

ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಿ, ಇಲ್ಲದಿದ್ದರೆ ಒತ್ತುಗಳು ಚೆಲ್ಲಾಪಿಲ್ಲಿಯಾಗಬಹುದು. ಹಣ ಕೊಡದೆ ಕೆಲಸ ಮಾಡಬೇಕೆಂದರೆ ಸ್ಕ್ರೈಬಸ್ 1.6 ಕನ್ನಡ ಯೂನಿಕೋಡನ್ನು ಸರಿಯಾಗಿ ಜೋಡಿಸುತ್ತದೆ.

ವಾಟ್ಸಾಪಿನಲ್ಲಿ ಪತ್ರಿಕೆಯನ್ನು ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ, ಕೈಯಿಂದ ಕೈಗೆ ದಾಟುತ್ತ ಮಸುಕಾಗುತ್ತದೆ, ಓದುವ ತಂತ್ರಾಂಶಕ್ಕೂ ಅದರೊಳಗಿನ ಅಕ್ಷರ ಸಿಗುವುದು ಕಷ್ಟ. ಚಿತ್ರದ ಕೆಳಗೆ ನಾಲ್ಕು ಸಾಲನ್ನು ಟೈಪ್ ಮಾಡಿ ಹಾಕಿ: ಏನು, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ.

ಹೆಜ್ಜೆ 11: ನೀವೇ ಫಾಂಟ್ ರೂಪಿಸುವುದಾದರೆ

ತಾಳ್ಮೆ ಇದ್ದವರಿಗೆ ಇದು ಬಹಳ ತೃಪ್ತಿ ಕೊಡುವ ಕೆಲಸ. ಫಾಂಟ್ ಬಿಡಿಸುವ ತಂತ್ರಾಂಶಗಳಲ್ಲಿ ಫಾಂಟ್‌ಫೋರ್ಜ್ ಉಚಿತ, ಮ್ಯಾಕ್ ಇದ್ದರೆ ಗ್ಲಿಫ್ಸ್ ಅನುಕೂಲ. ವರ್ಣಮಾಲೆಯಲ್ಲಿ 49 ಅಕ್ಷರ ಎಂದುಕೊಂಡು ಶುರು ಮಾಡಬೇಡಿ. ಗುಣಿತ, ಒತ್ತು, ಅವುಗಳ ಜೋಡಣೆ ಸೇರಿ ಕೆಲವು ನೂರು ಆಕಾರ ಬಿಡಿಸಬೇಕಾಗುತ್ತದೆ.

ಮೊದಲು ಚೌಕದ ಪುಸ್ತಕದಲ್ಲಿ ಪೆನ್ಸಿಲಿನಿಂದ ರ, ಪ, ನ, ಅ, ಯ ಬರೆಯಿರಿ. ರಕಾರದಿಂದ ದುಂಡು ಹೊಟ್ಟೆ ಸಿಗುತ್ತದೆ, ಪಕಾರದಿಂದ ವ, ಷ, ಫ, ಮಗಳ ಮೈ ಹುಟ್ಟುತ್ತದೆ. ಹೊಟ್ಟೆಯ ಒಳಗಿನ ಬಿಳಿಯನ್ನು ಬೇಕೆಂದೇ ದೊಡ್ಡದು ಮಾಡಿ. ಚುಕ್ಕಿ ಬರುವ ಠಕಾರಕ್ಕೆ ರಕಾರಕ್ಕಿಂತ ಕೂದಲೆಳೆಯಷ್ಟು ಅಗಲ ಕೊಡಿ. ಬುಡದ ಸೀಳನ್ನು ಸಾಲಿನ ಗೆರೆಗಿಂತ ಕೆಳಕ್ಕೆ ಚೆನ್ನಾಗಿ ಇಳಿಸಿ. ಅದು ಇಣುಕಿದರೆ ಸಾಲದು, ಕಾಣಬೇಕು.

ಆಮೇಲೆ ಒತ್ತಕ್ಷರ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ತಲಕಟ್ಟಿಲ್ಲದ ಸಣ್ಣ ರೂಪ. ತ, ನ, ಮ, ಯ, ರ, ಲಗಳ ಒತ್ತು ಮಾತ್ರ ಬೇರೆಯೇ ಆಕಾರ. ಹೊಸಬರು ಮಾಡುವ ತಪ್ಪು ಒಂದೇ: ದೊಡ್ಡ ಅಕ್ಷರವನ್ನು ಶೇಕಡಾ 60ಕ್ಕೆ ಇಳಿಸಿ ಕೆಳಗೆ ಇಡುವುದು. ಅಕ್ಷರದ ಜೊತೆ ಗೆರೆಯೂ ಶೇಕಡಾ 60ಕ್ಕೆ ತೆಳುವಾಗುತ್ತದೆ, ಸಣ್ಣ ಗಾತ್ರದಲ್ಲಿ ಮೊದಲು ಅಳಿಸುವುದು ಅದೇ. ಒತ್ತನ್ನು ಹೊಸದಾಗಿ ಬಿಡಿಸಿ. ಗೆರೆಯ ದಪ್ಪ ಮೇಲಿನ ಅಕ್ಷರದ ಹತ್ತಿರಕ್ಕಿರಲಿ, ಒಳಗಿನ ವಿವರ ಕಡಿಮೆ ಮಾಡಿ, ಮೇಲಿನ ಅಕ್ಷರದ ಬುಡಕ್ಕೂ ಅದಕ್ಕೂ ನಡುವೆ ಗೆರೆಯ ಅರ್ಧ ದಪ್ಪದಷ್ಟಾದರೂ ಬಿಳಿ ಬಿಡಿ. ಮಹಾಪ್ರಾಣದ ಸೀಳೂ ಒತ್ತೂ ಒಟ್ಟಿಗೆ ಬರುವಲ್ಲಿ, ‘ಸಿದ್ಧ’ದ ಹಾಗೆ ಒತ್ತಿನಲ್ಲೇ ಸೀಳು ಬರುವಲ್ಲಿ, ಒಂದೊಂದನ್ನೂ ಕೈಯಾರೆ ನೋಡಬೇಕು.

ಅರ್ಕಾವೊತ್ತನ್ನು ೯ರ ನಕಲಾಗಿ ಬಿಡಬೇಡಿ. ಸ್ವಲ್ಪ ಗಿಡ್ಡ ಮಾಡಿ, ತನ್ನ ಅಕ್ಷರಕ್ಕೆ ಹತ್ತಿರ ತನ್ನಿ. ೬ರ ಬಾಯಿ ಅಗಲ ತೆರೆಯಲಿ. ‘ವು’ ಬರೆಯುವಾಗ ಕೊಂಬನ್ನು ಕೆಳಗಿನಿಂದ ತಂದು ಮಕಾರದಿಂದ ದೂರ ಇಡಿ.

ಅಕ್ಷರಗಳ ಜೋಡಣೆಯ ನಿಯಮವನ್ನು ಫಾಂಟ್ ಕಡತದ ಮಾದರಿಯಾದ ಓಪನ್‌ಟೈಪ್‌ನಲ್ಲಿ ಬರೆಯಬೇಕು: ಕ್ಷ, ಜ್ಞಗಳಿಗೆ ಒಂದು, ಅರ್ಕಾವೊತ್ತಿಗೆ ಒಂದು, ಒತ್ತುಗಳಿಗೆ ಒಂದು ಹೀಗೆ. ಇದನ್ನು ಮೊದಲಿಂದ ಕಲಿಯುವುದಕ್ಕಿಂತ, ಬದಲಾಯಿಸಲು ಅನುಮತಿ ಇರುವ ಓಪನ್ ಫಾಂಟ್ ಲೈಸೆನ್ಸಿನ ಕನ್ನಡ ಫಾಂಟೊಂದನ್ನು ತೆರೆದು ಅದರ ನಿಯಮಗಳನ್ನು ಓದಿ. ಕೊನೆಗೆ ಫಾಂಟಿನ ಲಂಬ ಅಳತೆಗಳಲ್ಲಿ ‘ಸ್ವಾತಂತ್ರ್ಯ’ದ ಅತಿ ಕೆಳಗಿನ ಬಿಂದುವೂ ಒಳಗೆ ಬರುವಂತೆ ನೋಡಿ, ಇಲ್ಲದಿದ್ದರೆ ವಿಂಡೋಸಿನಲ್ಲಿ ಅದು ಕತ್ತರಿಸಿ ಕಾಣುತ್ತದೆ.

ಹೆಜ್ಜೆ 12: ಓದಿಸಿ ನೋಡಿ

ಅಚ್ಚಿನ ಪ್ಲೇಟ್ ಮಾಡಿಸುವ ಮೊದಲು ಪ್ರೂಫನ್ನು ಮೂವರ ಕೈಗೆ ಕೊಡಿ: ಕನ್ನಡಕ ಹಾಕುವ ಒಬ್ಬ ಹಿರಿಯರು, ಮೂರನೇ ಕ್ಲಾಸಿನ ಒಂದು ಮಗು, ಕನ್ನಡವನ್ನು ನಿಧಾನ ಓದುವ ಒಬ್ಬರು. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರು ನಮ್ಮಲ್ಲಿ ಎಲ್ಲೆಲ್ಲೂ ಇದ್ದಾರೆ, ಮೂರನೆಯವರು ಸುಲಭವಾಗಿ ಸಿಗುತ್ತಾರೆ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಗಟ್ಟಿಯಾಗಿ ಓದಲು ಹೇಳಿ, ನೀವು ಸುಮ್ಮನೆ ಕೇಳಿ. ಎಲ್ಲಿ ನಿಂತರು, ಎಲ್ಲಿ ಕಾಗದವನ್ನು ಹತ್ತಿರ ತಂದರು ಎಂಬಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ.

ಈ ವರ್ಷದ ಪತ್ರಿಕೆಯ ಪ್ರೂಫನ್ನು ಅಮ್ಮನಿಗೆ ಕೊಟ್ಟೆ. ಜಗಲಿಯಲ್ಲೇ ಕೂತು, ಟ್ಯೂಬ್‌ಲೈಟಿನ ಹತ್ತಿರ ಹೋಗದೆ ಓದಿದರು. ಅರ್ಕಾವೊತ್ತಿನ ಹತ್ತಿರ ಒಂದು ಕ್ಷಣವೂ ನಿಲ್ಲಲಿಲ್ಲ. “ಆರೂ ಮುಕ್ಕಾಲಕ್ಕೆ ಅಲ್ವಾ? ಹಾಗಾದ್ರೆ ಐದು ಗಂಟೆಗೆ ನೀರು ಕಾಯಿಸ್ಬೇಕು” ಎಂದು ಹೇಳಿ ಪತ್ರಿಕೆಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದರು.